ಕಂತಿಗಿಂತ ಮೊದಲೇ ಬಡ್ಡಿ ಶುರು

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಕಾಲೇಜಿನ ಫೀಸು, ಸಾಲ, ಕೈ ಖರ್ಚಿನ ಬಗ್ಗೆಯೇ ಇದ್ದವು. ಹಾಗಾಗಿ ಇಡೀ ಅಂಕಣ ಅದಕ್ಕೇ ಮೀಸಲು. ಉದ್ದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ. ಇಲ್ಲಿರುವ ಲೆಕ್ಕಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿ ಹಾಕಿಕೊಂಡು ಒಂದು ಹಾಳೆಯ ಮೇಲೆ ನೀವೇ ಇನ್ನೊಮ್ಮೆ ಮಾಡಿ ನೋಡಿ.

ಪ್ರಶ್ನೆ: ನಾಲ್ಕು ವರ್ಷದ ಕೋರ್ಸಿಗೆ ಸೇರುತ್ತಿದ್ದೇನೆ. ವರ್ಷಕ್ಕೆ ಒಂದು ಲಕ್ಷದಂತೆ ಒಟ್ಟು 4 ಲಕ್ಷ ಶಿಕ್ಷಣ ಸಾಲ ಸಿಗುತ್ತದೆ, ಬಡ್ಡಿ ಶೇ. 10. ಓದು ಮುಗಿದ ಮೇಲೂ ಒಂದು ವರ್ಷ ಏನೂ ಕಟ್ಟಬೇಕಿಲ್ಲ ಎಂದಿದ್ದಾರೆ. ಹಾಗಾದರೆ ಆ ಐದು ವರ್ಷ ಸಾಲದ ಯೋಚನೆ ಬಿಟ್ಟು ಆರಾಮಾಗಿ ಓದಬಹುದಲ್ವಾ?

ಉತ್ತರ: ಆರಾಮಾಗಿ ಓದಿ. ಆದರೆ ಸಾಲವನ್ನು ಮರೆತು ಓದಬೇಡಿ. 'ಕಟ್ಟಬೇಕಿಲ್ಲ' ಅನ್ನುವುದೇ ಬೇರೆ, 'ಬಡ್ಡಿ ಬೀಳುವುದಿಲ್ಲ' ಅನ್ನುವುದೇ ಬೇರೆ. ಓದುವ ಕಾಲದ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆ ನಿಮಗೆ ಸಿಕ್ಕಿದ್ದರೆ ಸರಿ. ಇಲ್ಲದಿದ್ದರೆ ದುಡ್ಡು ಕಾಲೇಜಿನ ಖಾತೆಗೆ ಹೋದ ದಿನದಿಂದಲೇ ಬಡ್ಡಿ ಓಡಲು ಶುರುವಾಗುತ್ತದೆ, ನೀವು ತರಗತಿಯಲ್ಲಿ ಕೂತಿದ್ದರೂ ಸರಿ, ರಜೆಯಲ್ಲಿ ಮಲಗಿದ್ದರೂ ಸರಿ.

ನಿಮ್ಮದೇ ಲೆಕ್ಕ ಮಾಡೋಣ. ಮೊದಲ ವರ್ಷದ ಒಂದು ಲಕ್ಷಕ್ಕೆ ಐದು ವರ್ಷ ಬಡ್ಡಿ, ಅಂದರೆ 50 ಸಾವಿರ. ಎರಡನೇ ಲಕ್ಷಕ್ಕೆ ನಾಲ್ಕು ವರ್ಷ, 40 ಸಾವಿರ. ಮೂರನೆಯದಕ್ಕೆ 30, ಕೊನೆಯದಕ್ಕೆ 20. ಎಲ್ಲ ಕೂಡಿದರೆ 1,40,000. ಇದು ಬರೀ ಸರಳ ಬಡ್ಡಿ. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಚಕ್ರಬಡ್ಡಿ ಹಾಕಿದರೆ 1,61,000 ದಾಟುತ್ತದೆ. ಸರಳ ಬಡ್ಡಿ ಅಂತಲೇ ಇಟ್ಟುಕೊಳ್ಳಿ. ನೀವು ತೆಗೆದುಕೊಂಡಿದ್ದು 4 ಲಕ್ಷ, ಆದರೆ ಮೊದಲ ಕಂತು ಕಟ್ಟುವ ದಿನ ನಿಮ್ಮ ಸಾಲ 5,40,000. ಅದನ್ನು ಹತ್ತು ವರ್ಷದಲ್ಲಿ ತೀರಿಸುತ್ತೇನೆ ಎಂದರೆ ತಿಂಗಳ ಕಂತು ಸುಮಾರು 7,136. ಆ ಮೊದಲ ಕಂತಿನಲ್ಲಿ 4,500 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆಯಾಗುವುದು 2,636 ಮಾತ್ರ. ಹತ್ತು ವರ್ಷ ಮುಗಿಯುವ ಹೊತ್ತಿಗೆ ಒಟ್ಟು 8,56,000ಕ್ಕೂ ಸ್ವಲ್ಪ ಮೇಲೆ ಕಟ್ಟಿರುತ್ತೀರಿ.

ಹೆದರಿಸಲು ಇದನ್ನು ಹೇಳುತ್ತಿಲ್ಲ, ಇದರಲ್ಲಿ ನಿಮ್ಮ ಕೈಯಲ್ಲಿರುವುದು ಬಹಳ ಇದೆ ಅನ್ನುವುದಕ್ಕೇ ಹೇಳುತ್ತಿದ್ದೇನೆ. ಓದುವಾಗಲೇ ಆಯಾ ತಿಂಗಳ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಬಂದರೆ ಏನಾಗುತ್ತದೆ ನೋಡಿ. ಮೊದಲ ವರ್ಷ ತಿಂಗಳಿಗೆ 833, ಎರಡನೇ ವರ್ಷ 1,667, ಮೂರನೇ ವರ್ಷ 2,500, ಆಮೇಲೆ 3,333. ಹೀಗೆ ಮಾಡಿದರೆ ಕಂತು ಶುರುವಾಗುವಾಗ ಸಾಲ 4 ಲಕ್ಷಕ್ಕೇ ನಿಂತಿರುತ್ತದೆ, ಕಂತು 5,286ಕ್ಕೆ ಇಳಿಯುತ್ತದೆ, ಓದುವಾಗ ಕಟ್ಟಿದ್ದನ್ನೂ ಸೇರಿಸಿ ಒಟ್ಟು ಲೆಕ್ಕ ಹಾಕಿದರೂ ಸುಮಾರು 82 ಸಾವಿರ ಉಳಿಯುತ್ತದೆ. ಪೂರ್ತಿ ಆಗದಿದ್ದರೆ ಮೊದಲ ಎರಡು ವರ್ಷದ್ದಾದರೂ ಕಟ್ಟಿ. ಮನೆಯವರಿಗೆ 833 ಕೊಡುವುದು ಸಾಧ್ಯವಿರಬಹುದು, 7,136 ಕೊಡುವುದು ಕಷ್ಟ ಇರಬಹುದು, ಆದ್ದರಿಂದ ಈ ಮಾತನ್ನು ಸೇರುವ ಮೊದಲೇ ಅವರ ಜೊತೆ ಕೂತು ಆಡಿ.

ನಾನೂ ಸಾಲ ಮಾಡಿಯೇ ಓದಿದವಳು. ಸಹಿ ಹಾಕುವ ದಿನ ಕಾಗದದ ಕಟ್ಟು ಮುಂದಿಟ್ಟರು, ಎಲ್ಲೆಲ್ಲಿ ಪೆನ್ಸಿಲ್ ಗುರುತು ಇತ್ತೋ ಅಲ್ಲೆಲ್ಲ ಸಹಿ ಹಾಕಿ ಎದ್ದು ಬಂದೆ. ಕೊನೆಯ ವರ್ಷ ಸ್ಟೇಟ್‌ಮೆಂಟ್ ತೆಗೆಸಿದಾಗ ತೆಗೆದುಕೊಂಡ ಸಾಲಕ್ಕೂ ಅಲ್ಲಿದ್ದ ಮೊತ್ತಕ್ಕೂ ತಾಳೆಯೇ ಇರಲಿಲ್ಲ. ಬಡ್ಡಿ ಸೇರಿತ್ತು, ಜೊತೆಗೆ ನಾನು ಕೇಳಿಯೇ ಇರದ ಒಂದು ವಿಮೆಯ ಕಂತೂ ಸಾಲದೊಳಗೇ ಸೇರಿತ್ತು. ಕೇಳಿದರೆ ನನ್ನದೇ ಸಹಿ ತೋರಿಸಿದರು. ಅವತ್ತು ಮನೆಗೆ ಬಂದು ಅಪ್ಪನಿಗೆ ಹೇಗೆ ಹೇಳುವುದು ಅಂತ ಗೊತ್ತಾಗದೆ ಸುಮ್ನೆ ಮಲಗಿಬಿಟ್ಟಿದ್ದೆ. ನಿಮಗೆ ಹಾಗಾಗಬಾರದು.

ಅದಕ್ಕೇ, ಸಹಿ ಹಾಕುವ ಮೊದಲು ಬಾಯಿಬಿಟ್ಟು ಕೇಳಿ. ಓದುವ ಕಾಲದಲ್ಲಿ ಸರಳ ಬಡ್ಡಿಯೋ ಚಕ್ರಬಡ್ಡಿಯೋ? ದರ ಕೊನೆತನಕ ಇದೇ ಇರುತ್ತದೋ, ಮಾರುಕಟ್ಟೆ ಏರಿದಂತೆ ಏರುತ್ತದೋ? ಅವಧಿಗೆ ಮೊದಲೇ ತೀರಿಸಿದರೆ ದಂಡ ಇದೆಯೋ? ವಿಮೆ, ಶುಲ್ಕ ಅಂತ ಏನೇನು ಒಳಗೆ ಸೇರಿಸುತ್ತೀರಿ? ಉತ್ತರ ಬರವಣಿಗೆಯಲ್ಲಿ ಬೇಕು ಅನ್ನಿ. ಕೇಳುವುದಕ್ಕೆ ಸಂಕೋಚ ಬೇಡ, ದುಡ್ಡು ಕೊನೆಗೆ ಕಟ್ಟುವವರು ನೀವು. ಇನ್ನೊಂದು ಮಾತು: ಕೆಲಸ ಸಿಕ್ಕಿ ಸಂಬಳ ಪರವಾಗಿಲ್ಲ ಅನ್ನುವಂತಿದ್ದರೆ ಹತ್ತು ವರ್ಷದ ಬದಲು ಏಳು ವರ್ಷಕ್ಕೆ ಮುಗಿಸಿ. ಅದೇ 5,40,000ಕ್ಕೆ ಕಂತು 8,965 ಆಗುತ್ತದೆ, ಆದರೆ ಒಟ್ಟಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಉಳಿಯುತ್ತದೆ.

ಪ್ರಶ್ನೆ: ಮಗಳ ಓದಿಗೆ ನಮ್ಮ ನಿವೃತ್ತಿಗೆಂದು ಕೂಡಿಟ್ಟ ಹಣ ಪೂರ್ತಿ ತೆಗೆಯೋಣ ಅಂತ ನಮ್ಮೆಜಮಾನರು ಹೇಳುತ್ತಿದ್ದಾರೆ. 'ಮಗುವಿನ ತಲೆ ಮೇಲೆ ಸಾಲ ಹೊರಿಸುವುದು ಬೇಡ' ಅನ್ನುವುದು ಅವರ ಮಾತು. ನನಗೆ ಒಳಗೊಳಗೇ ಭಯ. ಆದರೆ ಬೇಡ ಅಂದರೆ ನಾನು ಸ್ವಾರ್ಥಿ ಆಗುತ್ತೇನಾ?

ಉತ್ತರ: ಖಂಡಿತ ಇಲ್ಲ. ನಿಮ್ಮ ಭಯದಲ್ಲಿ ನ್ಯಾಯ ಇದೆ. ಓದಿಗೆ ಸಾಲ ಸಿಗುತ್ತದೆ, ಮುಪ್ಪಿಗೆ ಯಾರೂ ಸಾಲ ಕೊಡುವುದಿಲ್ಲ. ಮಗಳ ಮುಂದೆ ಮೂವತ್ತು ನಲವತ್ತು ವರ್ಷದ ದುಡಿಮೆ ಇದೆ, ನಿಮ್ಮ ಮುಂದೆ ಇರುವುದು ಕೆಲವೇ ವರ್ಷ. ಇದ್ದದ್ದೆಲ್ಲ ಖಾಲಿ ಮಾಡಿ ಓದಿಸಿದರೆ, ನಾಳೆ ನಿಮ್ಮ ಔಷಧಿ, ಆಸ್ಪತ್ರೆ, ಮನೆ ಖರ್ಚು ಅವಳ ಮೇಲೇ ಬೀಳುತ್ತದೆ. ಆಗ ಅವಳ ತಲೆ ಮೇಲಿನ ಭಾರ ಇಳಿಯಲಿಲ್ಲ, ರೂಪ ಬದಲಾಯಿತು ಅಷ್ಟೇ. ಮತ್ತು ಆ ಭಾರಕ್ಕೆ ಇಷ್ಟೇ ಕಂತು, ಇಂಥ ದಿನ ಮುಗಿಯುತ್ತದೆ ಎಂಬ ಲೆಕ್ಕವೂ ಇರುವುದಿಲ್ಲ.

ನಡುವಿನ ದಾರಿ ಇದೆ. ನಿವೃತ್ತಿಯ ದುಡ್ಡು ಮುಟ್ಟಬೇಡಿ. ಸಾಲ ಮಗಳ ಹೆಸರಲ್ಲಿ ಆಗಲಿ, ಓದುವ ಕಾಲದ ಬಡ್ಡಿಯನ್ನು ನಿಮ್ಮ ತಿಂಗಳ ಆದಾಯದಿಂದ ನೀವು ಕಟ್ಟಿ. ಮೇಲಿನ ಉತ್ತರದಲ್ಲಿ ಹೇಳಿದ್ದು ಅದೇ. ಆದರೆ ಜಾಮೀನಿಗೋ ಸಹ ಸಾಲಗಾರರಾಗಿಯೋ ನೀವು ಸಹಿ ಹಾಕುವಾಗ ಅದರ ಅರ್ಥ ಗೊತ್ತಿರಲಿ: ಅವಳು ಕಟ್ಟದಿದ್ದರೆ ನಿಮ್ಮ ಬಳಿಯೇ ಬರುತ್ತಾರೆ, ಕಂತು ತಪ್ಪಿದರೆ ನಿಮ್ಮ ಸಾಲದ ದಾಖಲೆಯೂ ಕೆಡುತ್ತದೆ. ಯಜಮಾನರ ಪ್ರೀತಿ ದೊಡ್ಡದು, ಅದನ್ನು ಅಲ್ಲಗಳೆಯಬೇಡಿ. 'ಅವಳಿಗೆ ನಾಳೆ ನಾವು ಹೊರೆ ಆಗದೇ ಇರೋಣ' ಅಂತ ಹೇಳಿ ನೋಡಿ, ಅವರಿಗೆ ಅರ್ಥವಾಗುತ್ತದೆ. ಮತ್ತೆ ಈ ಮಾತುಕತೆಗೆ ಮಗಳನ್ನೂ ಕೂರಿಸಿಕೊಳ್ಳಿ. ಹದಿನೆಂಟು ತುಂಬಿದವಳಿಗೆ ಮನೆಯ ಲೆಕ್ಕ ಗೊತ್ತಿರಬೇಕು.

ಪ್ರಶ್ನೆ: ಎರಡು ಕಾಲೇಜಲ್ಲಿ ಸೀಟು ಸಿಕ್ಕಿದೆ. ಒಂದರ ಫೀಸು ವರ್ಷಕ್ಕೆ 2 ಲಕ್ಷ, ಆದರೆ 80 ಸಾವಿರ ಸ್ಕಾಲರ್‌ಶಿಪ್ ಕೊಡುತ್ತಾರಂತೆ. ಇನ್ನೊಂದರದ್ದು ಒಂದೂವರೆ ಲಕ್ಷ, ಸ್ಕಾಲರ್‌ಶಿಪ್ ಇಲ್ಲ. ಮೊದಲನೆಯದೇ ಅಗ್ಗ ತಾನೇ?

ಉತ್ತರ: 80 ಸಾವಿರ ಪ್ರತಿ ವರ್ಷವೋ, ಮೊದಲ ವರ್ಷ ಮಾತ್ರವೋ? ಇದೊಂದು ಕೇಳಿ, ಉತ್ತರ ತಾನೇ ಸಿಗುತ್ತದೆ. ಪ್ರತಿ ವರ್ಷ ಆದರೆ ನಾಲ್ಕು ವರ್ಷಕ್ಕೆ 4,80,000, ನಿಜಕ್ಕೂ ಅಗ್ಗ. ಮೊದಲ ವರ್ಷ ಮಾತ್ರ ಆದರೆ 7,20,000, ಆ ಇನ್ನೊಂದು ಕಾಲೇಜು 6 ಲಕ್ಷಕ್ಕೆ ಮುಗಿಯುತ್ತದೆ. ಪ್ರತಿ ವರ್ಷ ಅಂದರೂ 'ಇಷ್ಟು ಅಂಕ ಬಂದರೆ ಮಾತ್ರ ಮುಂದುವರಿಯುತ್ತದೆ' ಎಂಬ ಷರತ್ತು ಇರಬಹುದು. ಆ ಅಂಕ ಎಷ್ಟು, ಒಂದು ಸೆಮಿಸ್ಟರ್ ಕಡಿಮೆ ಆದರೆ ಪೂರ್ತಿ ಹೋಗುತ್ತದೋ, ಮತ್ತೆ ಗಳಿಸಿಕೊಳ್ಳಬಹುದೋ, ಕೇಳಿಕೊಳ್ಳಿ. ಹಾಸ್ಟೆಲ್, ಪರೀಕ್ಷೆ ಶುಲ್ಕ, ಓಡಾಟ, ಲ್ಯಾಪ್‌ಟಾಪ್ ಎಲ್ಲ ಸೇರಿಸಿ ಇಡೀ ಕೋರ್ಸಿನ ಮೊತ್ತ ತೆಗೆಯಿರಿ, ಅದರಲ್ಲಿ ವಾಪಸ್ ಕೊಡಬೇಕಿಲ್ಲದ ದುಡ್ಡನ್ನು ಮಾತ್ರ ಕಳೆಯಿರಿ. ಸಾಲವನ್ನು ಕಳೆಯಬೇಡಿ. 'ನೆರವು' ಎಂಬ ಹೆಸರಲ್ಲಿ ಸಾಲವನ್ನೂ ಸ್ಕಾಲರ್‌ಶಿಪ್ಪನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕೊಡುವವರೂ ಇದ್ದಾರೆ.

ಪ್ರಶ್ನೆ: ಹಾಸ್ಟೆಲಲ್ಲಿದ್ದೇನೆ. ಮನೆಯಿಂದ ಸೆಮಿಸ್ಟರಿಗೆ ಒಮ್ಮೆ 50 ಸಾವಿರ ಕಳಿಸುತ್ತಾರೆ. ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಖಾಲಿ. ದುಂದು ಮಾಡುವವನಲ್ಲ ನಾನು, ಆದರೂ ಎಲ್ಲಿ ಹೋಗುತ್ತೆ ಅಂತಲೇ ಗೊತ್ತಾಗುತ್ತಿಲ್ಲ. ಖರ್ಚು ಬರೆದಿಡುವ ಆ್ಯಪ್ ಹಾಕಿಕೊಂಡೆ, ಒಂದು ವಾರಕ್ಕೇ ಬಿಟ್ಟೆ.

ಉತ್ತರ: ನೀವು ದುಂದುಗಾರರಲ್ಲ ಅನ್ನುವುದನ್ನು ನಂಬುತ್ತೇನೆ. ಖಾತೆ ತೆರೆದಾಗ 50 ಸಾವಿರ ಕಂಡರೆ ಯಾರಿಗಾದರೂ 'ಇದೆಯಲ್ಲ' ಅನ್ನಿಸುತ್ತದೆ. ಆದರೆ ಅದರಲ್ಲಿ ಬಹುಪಾಲು ಈಗಾಗಲೇ ಬೇರೆಯವರದ್ದು, ಇನ್ನೂ ಕೊಟ್ಟಿಲ್ಲ ಅಷ್ಟೇ.

ಸೆಮಿಸ್ಟರ್ 20 ವಾರ ಅಂದುಕೊಳ್ಳಿ. ಹಾಸ್ಟೆಲಿಗೆ ಕೊಡಬೇಕಾದ ಬಾಕಿ 12 ಸಾವಿರ, ಪರೀಕ್ಷೆ ಶುಲ್ಕ 3 ಸಾವಿರ, ಎರಡು ಸಲ ಊರಿಗೆ ಹೋಗಿ ಬರಲು 3 ಸಾವಿರ, ಪುಸ್ತಕ, ಜೆರಾಕ್ಸ್ 2 ಸಾವಿರ. ಅಲ್ಲಿಗೆ 20 ಸಾವಿರ ಹೋಯಿತು. ಜ್ವರ ಬಂದರೆ, ಫೋನ್ ಒಡೆದರೆ ಅಂತ 4 ಸಾವಿರ ಬದಿಗಿಡಿ. ಉಳಿದದ್ದು 26 ಸಾವಿರ, ಭಾಗಿಸು 20. ವಾರಕ್ಕೆ 1,300. ನಿಮ್ಮ ಹತ್ತಿರ ಇರುವುದು 50 ಸಾವಿರ ಅಲ್ಲ, ವಾರಕ್ಕೆ 1,300. ಈ ಅಂಕಿ ತಲೆಯಲ್ಲಿ ಕೂತರೆ ಅರ್ಧ ಕೆಲಸ ಆಯಿತು.

ಇನ್ನರ್ಧಕ್ಕೆ ಎರಡು ಖಾತೆ ಮಾಡಿ. ಮನೆಯಿಂದ ಬಂದದ್ದು ಒಂದರಲ್ಲಿ ಇರಲಿ, ಅದಕ್ಕೆ ಫೋನಿನ ಪೇಮೆಂಟ್ ಆ್ಯಪ್ ಜೋಡಿಸಬೇಡಿ. ಪ್ರತಿ ಸೋಮವಾರ 1,300 ಇನ್ನೊಂದಕ್ಕೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಹೇಳಿಡಿ, ಖರ್ಚೆಲ್ಲ ಅದರಿಂದಲೇ. ಸೋಮವಾರವೇ ಯಾಕೆಂದರೆ ಶುಕ್ರವಾರ ಹಾಕಿದರೆ ವಾರದ ಕೊನೆಯ ಓಡಾಟದಲ್ಲೇ ಮುಗಿಯುತ್ತದೆ. ಇಷ್ಟು ಮಾಡಿದರೆ ಪ್ರತಿಯೊಂದು ಖರ್ಚನ್ನೂ ಬರೆದಿಡುವ ಅಗತ್ಯವೇ ಇಲ್ಲ, ಗುರುವಾರ ಖಾತೆಯಲ್ಲಿ ಎಷ್ಟಿದೆ ಅಂತ ನೋಡಿದರೆ ಸಾಕು. ನಿಮಗೆ ಆ್ಯಪ್ ಆಗಿಬರಲಿಲ್ಲ ಎಂದರೆ ಬೇಜಾರು ಮಾಡಿಕೊಳ್ಳಬೇಡಿ, ಬಹಳ ಜನಕ್ಕೆ ಆಗಿಬರುವುದಿಲ್ಲ. ಒಂದು ಸಲ ಮಾತ್ರ ಕೂತು ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ಓದಿ. ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಚಂದಾಗಳು ಅಲ್ಲೇ ಅಡಗಿರುತ್ತವೆ, ಉಚಿತ ಟ್ರಯಲ್ ಅಂತ ಶುರು ಮಾಡಿ ಮರೆತದ್ದು.

ಪ್ರಶ್ನೆ: ಸೀನಿಯರ್ ಒಬ್ಬರು ನನ್ನ ಬ್ಯಾಂಕ್ ಖಾತೆ 'ಬಾಡಿಗೆಗೆ' ಕೇಳುತ್ತಿದ್ದಾರೆ. ದುಡ್ಡು ಬರುತ್ತದೆ, ಅದನ್ನು ಅವರು ಹೇಳಿದ ಖಾತೆಗೆ ಕಳಿಸಿದರೆ ಸಾಕು, ನೂರಕ್ಕೆ ಐದು ನನಗೆ. ತಪ್ಪೇನಿದೆ?

ಉತ್ತರ: ಬೇಡ. ಇವತ್ತೇ ಬೇಡ ಅನ್ನಿ. ಬೇರೆಯವರಿಂದ ಮೋಸ ಮಾಡಿ ಕಿತ್ತ ದುಡ್ಡನ್ನು ಕೈ ಬದಲಾಯಿಸಿ ಗುರುತು ಅಳಿಸಲು ಹೀಗೆ ವಿದ್ಯಾರ್ಥಿಗಳ ಖಾತೆಗಳನ್ನು ಬಳಸುತ್ತಾರೆ. ಪೊಲೀಸರು ಹುಡುಕಿಕೊಂಡು ಬಂದಾಗ ಮೊದಲು ಸಿಗುವ ಹೆಸರು ನಿಮ್ಮದು, ಸೀನಿಯರ್ ಹೆಸರು ಎಲ್ಲೂ ಇರುವುದಿಲ್ಲ. ಖಾತೆ ಸ್ತಂಭಿಸುತ್ತದೆ, ಕೇಸು ಬೀಳುತ್ತದೆ, ನಾಳೆ ಸಾಲಕ್ಕೂ ಕೆಲಸಕ್ಕೂ ಅಡ್ಡ ಬರುತ್ತದೆ. ಈಗಾಗಲೇ ದುಡ್ಡು ಬಂದಿದ್ದರೆ ಯಾರಿಗೂ ಕಳಿಸಬೇಡಿ, ಖರ್ಚೂ ಮಾಡಬೇಡಿ, ನೇರ ಬ್ಯಾಂಕಿಗೆ ಹೋಗಿ ಬರೆದು ಕೊಡಿ.

ಪ್ರಶ್ನೆ: ವಾರಕ್ಕೆ 30 ಗಂಟೆ ಪಾರ್ಟ್ ಟೈಮ್ ಕೆಲಸ ಮಾಡುತ್ತೇನೆ. ಫೀಸಿನ ಒಂದು ಪಾಲು ನಾನೇ ಕಟ್ಟುತ್ತಿದ್ದೇನೆ ಅನ್ನುವ ಹೆಮ್ಮೆ ಇದೆ. ಆದರೆ ಕಳೆದ ಸೆಮಿಸ್ಟರ್ ಎರಡು ವಿಷಯ ಹೋಯಿತು. ಕೆಲಸ ಬಿಡಲು ಮನಸ್ಸಿಲ್ಲ.

ಉತ್ತರ: ಆ ಹೆಮ್ಮೆ ನಿಮ್ಮದೇ, ಯಾರೂ ಕಿತ್ತುಕೊಳ್ಳಬಾರದು. ಆದರೆ ವಾರದ ಗಂಟೆ ಒಮ್ಮೆ ಎಣಿಸೋಣ. ಒಟ್ಟು 168. ದಿನಕ್ಕೆ ಎಂಟರಂತೆ ನಿದ್ದೆಗೆ 56. ತರಗತಿ, ಓಡಾಟ 40. ಓದಿಗೆ ಕನಿಷ್ಠ 25. ಉಳಿದದ್ದು 47, ಅದರಲ್ಲಿ ಕೆಲಸಕ್ಕೆ 30. ಕೈಯಲ್ಲಿ 17 ಗಂಟೆ, ಅಂದರೆ ದಿನಕ್ಕೆ ಎರಡೂವರೆ ಗಂಟೆಗೂ ಸ್ವಲ್ಪ ಕಮ್ಮಿ. ಸ್ನಾನ, ಊಟ, ಬಟ್ಟೆ ಒಗೆಯುವುದು, ಮನೆಗೆ ಫೋನು, ಎಲ್ಲ ಅದರಲ್ಲೇ. ಅಷ್ಟು ಬಿಗಿಯಾದ ವಾರ ಯಾರಿಗೂ ನಡೆಯುವುದಿಲ್ಲ, ಎಲ್ಲಿಂದಲೋ ಕದಿಯಬೇಕಾಗುತ್ತದೆ. ನೀವು ನಿದ್ದೆಯಿಂದ ಕದ್ದಿರಿ, ಆಮೇಲೆ ಓದಿನಿಂದ. ಎರಡು ವಿಷಯ ಹೋದದ್ದು ನಿಮ್ಮ ಬುದ್ಧಿಯ ದೋಷ ಅಲ್ಲವೇ ಅಲ್ಲ.

ಈಗ ದುಡ್ಡಿನ ಕಡೆಯಿಂದ ನೋಡಿ. ಒಂದು ವರ್ಷ ಹಿಂದೆ ಬಿದ್ದರೆ ಆ ವರ್ಷದ ಫೀಸು, ವಸತಿಯ ಖರ್ಚು, ಅದರ ಮೇಲೆ ಪೂರ್ಣಾವಧಿ ಕೆಲಸದ ಒಂದು ವರ್ಷದ ಸಂಬಳವೂ ಹೋಗುತ್ತದೆ. ಪಾರ್ಟ್ ಟೈಮ್ ಕೆಲಸದಲ್ಲಿ ಎಷ್ಟೇ ಗಳಿಸಿದರೂ ಅದು ತುಂಬುವುದು ಕಷ್ಟ. ಕೆಲಸ ಬಿಡಿ ಅನ್ನುವುದಿಲ್ಲ, 15 ಗಂಟೆಗೆ ಇಳಿಸಿ. ಸಾಧ್ಯವಿದ್ದರೆ ಲೈಬ್ರರಿ, ಲ್ಯಾಬ್, ಕಾಲೇಜಿನ ಆಫೀಸು, ಹೀಗೆ ಕ್ಯಾಂಪಸ್ ಒಳಗೇ ಕೆಲಸ ಕೇಳಿ, ಓಡಾಟದ ಗಂಟೆ ಉಳಿಯುತ್ತದೆ, ಪರೀಕ್ಷೆ ಸಮಯದಲ್ಲಿ ರಜೆಯೂ ಸುಲಭ. ಕಮ್ಮಿಯಾದ ದುಡ್ಡನ್ನು ದೊಡ್ಡ ರಜೆಯಲ್ಲಿ ಪೂರ್ತಿ ದುಡಿದು ಸರಿದೂಗಿಸಬಹುದು. ಬೇರೆ ದೇಶದಲ್ಲಿ ಓದುತ್ತಿರುವವರು ಇದನ್ನು ಓದುತ್ತಿದ್ದರೆ, ವೀಸಾದಲ್ಲಿ ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು ಎಂಬ ಮಿತಿ ಇದೆಯಾ ನೋಡಿಕೊಳ್ಳಿ. ಅದನ್ನು ಮೀರಿದರೆ ಕೆಲಸದ ಜೊತೆ ಓದೂ ಹೋಗಬಹುದು.

ಪ್ರಶ್ನೆ: ಫೀಸಿಗೆಂದು ಅಪ್ಪ ಕೊಟ್ಟ 40 ಸಾವಿರ ಖರ್ಚಾಗಿದೆ. ಮೊದಲು ಗೆಳೆಯನಿಗೆ ಕೈಗಡ ಕೊಟ್ಟೆ, ಅವನು ವಾಪಸ್ ಕೊಡಲಿಲ್ಲ. ಉಳಿದದ್ದು ಹೇಗೆ ಹೋಯಿತೋ. ತುಂಬಿಸಲು ಆ್ಯಪ್‌ನಲ್ಲಿ 5 ಸಾವಿರ ಸಾಲ ತೆಗೆದೆ, ಅದನ್ನು ತೀರಿಸಲು ಇನ್ನೊಂದರಲ್ಲಿ, ಈಗ ಮೂರು ಆಗಿವೆ. ಫೋನಲ್ಲಿರುವ ಎಲ್ಲರಿಗೂ ಮೆಸೇಜ್ ಹಾಕುತ್ತೇವೆ ಅಂತ ಹೆದರಿಸುತ್ತಿದ್ದಾರೆ. ಫೀಸಿಗೆ ಇನ್ನು ಮೂರು ವಾರ ಇದೆ. ಅಪ್ಪನಿಗೆ ಮುಖ ತೋರಿಸಲು ಆಗುತ್ತಿಲ್ಲ. ರಾತ್ರಿ ನಿದ್ದೆ ಇಲ್ಲ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ಒಂದು ಮಾತು. ಇವತ್ತು ರಾತ್ರಿಯೊಳಗೆ ಒಬ್ಬರಿಗಾದರೂ ಎದುರಾಎದುರು ಕೂತು ಹೇಳಿ. ಅಕ್ಕನೋ, ರೂಮ್‌ಮೇಟೋ, ಒಬ್ಬ ಲೆಕ್ಚರರೋ, ಯಾರಾದರೂ ಸರಿ. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದಿದ್ದರೂ ಒಬ್ಬರೇ ಇರಬೇಡಿ, ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಡಾಕ್ಟರ ಹತ್ತಿರ ಹೋಗಿ. 40 ಸಾವಿರ ದುಡಿದು ತೀರಿಸಬಹುದಾದ ಮೊತ್ತ. ನಿಮಗೆ ಬದಲಿ ಇಲ್ಲ.

ಇನ್ನು ದುಡ್ಡಿನ ವಿಷಯ. ನಾಲ್ಕನೇ ಸಾಲ ಬೇಡ, ಒಂದು ದಿನದ ಮಟ್ಟಿಗೂ ಬೇಡ. ಇವು ಹೇಗೆ ಕೆಲಸ ಮಾಡುತ್ತವೆ ನೋಡಿ. 5 ಸಾವಿರ ಅಂತ ಹೇಳಿ 500 ಶುಲ್ಕ ಮೊದಲೇ ಹಿಡಿದುಕೊಂಡು 4,500 ಕೊಟ್ಟು, 15 ದಿನಕ್ಕೆ 5 ಸಾವಿರ ಕೇಳಿದರು ಅಂದುಕೊಳ್ಳಿ. 4,500ಕ್ಕೆ 500 ಅಂದರೆ ಹದಿನೈದು ದಿನಕ್ಕೇ ಶೇ. 11. ವರ್ಷದ ಲೆಕ್ಕಕ್ಕೆ ಶೇ. 260 ದಾಟುತ್ತದೆ. ಒಂದನ್ನು ತೀರಿಸಲು ಇನ್ನೊಂದು ತೆಗೆದಾಗಲೆಲ್ಲ ಈ ಕಡಿತ ಮತ್ತೆ ಮತ್ತೆ. ನೀವು ಬೇಜವಾಬ್ದಾರಿ ಆಗಿದ್ದಕ್ಕೆ ಮೂರು ಸಾಲ ಆಗಿಲ್ಲ, ಮೊದಲನೆಯದನ್ನು ಹದಿನೈದು ದಿನದಲ್ಲಿ ತೀರಿಸುವುದು ಸಾಧ್ಯವೇ ಇರಲಿಲ್ಲ.

ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಆ್ಯಪ್, ಕೈಗೆ ಬಂದದ್ದೆಷ್ಟು, ಈಗ ಕೇಳುತ್ತಿರುವುದೆಷ್ಟು, ಯಾವ ದಿನ. ಫೋನಿನ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್, ಫೋಟೋ ನೋಡುವ ಅನುಮತಿ ತೆಗೆದುಹಾಕಿ. ಬೆದರಿಕೆಯ ಮೆಸೇಜುಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ. ಸಾಲ ಬಾಕಿ ಇದೆ ಅನ್ನುವ ಕಾರಣಕ್ಕೆ ನಿಮ್ಮನ್ನು ಹೆದರಿಸುವ ಹಕ್ಕು ಯಾರಿಗೂ ಬರುವುದಿಲ್ಲ. ನಾಚಿಕೆಯಿಂದ ನೀವು ಬಾಯಿ ಮುಚ್ಚಿಕೊಂಡಿರುತ್ತೀರಿ ಅನ್ನುವುದೇ ಅವರ ಧೈರ್ಯ.

ಆಮೇಲೆ ಕಾಲೇಜಿನ ಆಫೀಸು. ಕೊನೆಯ ದಿನಾಂಕ ದಾಟಿದ ಮೇಲೆ ಅಲ್ಲ, ಈ ವಾರವೇ. ಫೀಸನ್ನು ಎರಡು ಮೂರು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಅಂತ ಅರ್ಜಿ ಬರೆದು ಕೊಡಿ. ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ತುರ್ತು ನಿಧಿ ಇದೆಯಾ ಅಂತಲೂ ಕೇಳಿ, ಇದ್ದರೂ ಬೋರ್ಡಿನ ಮೇಲೆ ಬರೆದು ಹಾಕಿರುವುದಿಲ್ಲ ಬಹಳ ಕಡೆ. ದಿನಾಂಕಕ್ಕೆ ಮೊದಲು ಹೋದವರ ಮಾತು ಕೇಳಿಸಿಕೊಳ್ಳುತ್ತಾರೆ, ದಂಡ ಬಿದ್ದ ಮೇಲೆ ಹೋದರೆ ಕಷ್ಟ.

ಕೊನೆಗೆ ಅಪ್ಪ. ಆ್ಯಪ್‌ನವರ ಮೆಸೇಜು ಅವರನ್ನು ತಲುಪುವ ಮೊದಲು ನಿಮ್ಮ ಬಾಯಿಂದ ಕೇಳಲಿ. ಸುತ್ತಿ ಬಳಸಿ ಹೇಳಬೇಡಿ, ಅರ್ಧ ಮೊತ್ತ ಹೇಳಿ ಇನ್ನರ್ಧ ಮುಚ್ಚಿಡಬೇಡಿ. ಎರಡನೇ ಸಲ ಗೊತ್ತಾದಾಗ ಆಗುವ ನೋವು ಮೊದಲನೆಯದಕ್ಕಿಂತ ದೊಡ್ಡದು. 'ಅಪ್ಪಾ, ಫೀಸಿನ ದುಡ್ಡು ಕಳೆದುಕೊಂಡಿದ್ದೇನೆ. ಒಟ್ಟು ಇಷ್ಟು ಬಾಕಿ ಇದೆ, ಇದು ಪಟ್ಟಿ. ಕಾಲೇಜಲ್ಲಿ ಕಂತಿಗೆ ಕೇಳಿದ್ದೇನೆ. ರಜೆಯಲ್ಲಿ ದುಡಿದು ತೀರಿಸುತ್ತೇನೆ, ಈಗ ನಿಮ್ಮ ಸಹಾಯ ಬೇಕು.' ಇಷ್ಟೇ ಹೇಳಿ, ಹಾಳೆ ಕೈಗೆ ಕೊಡಿ. ಅವರು ಬೈಯಬಹುದು, ಎರಡು ದಿನ ಮಾತು ಬಿಡಬಹುದು. ಬೈಯಲಿ ಬಿಡಿ. ಅದಾದ ಮೇಲೆ ಈ ಲೆಕ್ಕ ನೋಡಲು ನಿಮ್ಮ ಜೊತೆ ಇನ್ನೊಬ್ಬರು ಇರುತ್ತಾರೆ.

ಗೆಳೆಯನಿಗೂ ಒಂದು ಮೆಸೇಜ್ ಹಾಕಿ, ತಿಂಗಳಿಗೆ ಒಂದು ಸಾವಿರದಂತೆ ಆದರೂ ಕೊಡು ಅಂತ, ದಿನಾಂಕ ಸಮೇತ. ಕೊಟ್ಟರೆ ಒಳ್ಳೆಯದು, ಅದನ್ನು ನಂಬಿ ಮಾತ್ರ ಲೆಕ್ಕ ಹಾಕಬೇಡಿ.

ಆಫೀಸಿಗೆ ಹೋಗಿ ಬಂದ ಮೇಲೆ ಏನಾಯಿತು ಅಂತ ನನಗೆ ಬರೆಯಿರಿ. ನಿಮ್ಮ ಪತ್ರಕ್ಕೆ ಕಾಯುತ್ತಿರುತ್ತೇನೆ.